ಮನೆಯ ಹಿತ್ತಿಲಿನಲ್ಲಿ ಬಾವಲಿ ಪೆಟ್ಟಿಗೆ ನಿರ್ಮಾಣ – ಸಾರ್ವಜನಿಕರಿಗೆ ಮಾಹಿತಿ

ಮನೆಗಳ ಸೂರಿನಲ್ಲಿ ಹಾಗೂ ಹೆಂಚಿನ ಮಾಡಿನಲ್ಲಿ ವಾಸವಾಗಿರುವ ಬಾವಲಿಗಳ ಕುರಿತು ಸಾರ್ವಜನಿಕರ ಮನವಿಗಳು ಸಾಮಾನ್ಯವಾಗಿ ಎರಡು ಬಗೆಯವು. ಅವುಗಳನ್ನು ತೆರವುಗೊಳಿಸಿಕೊಡಬೇಕೆಂಬುದು ಒಂದು. ಸೊಳ್ಳೆಯ ಹತೋಟಿಗಾಗಿ ಹಿತ್ತಿಲಿನಲ್ಲಿ ಬಾವಲಿ ಪೆಟ್ಟಿಗೆ ಇರಿಸಿಕೊಳ್ಳಲು ಅನುಮತಿ ಬೇಕೆಂಬುದು ಇನ್ನೊಂದು. ಒಂದೇ ಬೀದಿಯ ಎರಡು ಮನೆಗಳಿಂದ ಈ ಎರಡೂ ಮನವಿಗಳು ಬರಬಹುದು. ಹೀಗಾಗಿ ಪೆಟ್ಟಿಗೆಯ ಅಳತೆ, ಅದನ್ನು ಇರಿಸುವ ಸ್ಥಳ, ಸಂಬಂಧಪಟ್ಟ ಕಾನೂನು ಮತ್ತು ಆರೋಗ್ಯದ ಮುನ್ನೆಚ್ಚರಿಕೆಗಳನ್ನು ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ಒಟ್ಟಾಗಿ ನೀಡಲಾಗಿದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಬಾವಲಿಗಳು ಈಗಾಗಲೇ ಮನೆಯ ಯಾವುದಾದರೂ ಮೂಲೆಯಲ್ಲಿ ನೆಲೆಸಿದ್ದು ಅವುಗಳಿಂದ ತೊಂದರೆ ಇಲ್ಲದಿದ್ದಲ್ಲಿ, ಆ ನೆಲೆಯನ್ನು ಹಾಗೆಯೇ ಬಿಡುವುದು ಯಾವುದೇ ಪೆಟ್ಟಿಗೆಗಿಂತ ಉತ್ತಮ. ಮನೆಯ ದುರಸ್ತಿ ಅಥವಾ ಪುನರ್ನಿರ್ಮಾಣದ ಕಾರಣ ಆ ನೆಲೆಯನ್ನು ಮುಚ್ಚಲೇಬೇಕಾದಲ್ಲಿ ಮೊದಲು ಪೆಟ್ಟಿಗೆಯನ್ನು ಇರಿಸಿ, ಕೆಲವು ತಿಂಗಳುಗಳ ನಂತರ ನೆಲೆಯನ್ನು ಮುಚ್ಚತಕ್ಕದ್ದು. ಬಹುಪಾಲು ಮನೆಗಳಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಗಾರೆ ಕೆಲಸದವರು ಸಂದುಗಳಿಗೆ ಸಿಮೆಂಟು ಮೆತ್ತಿ ಹೋದ ಮೇಲೆ ಒಳಗಿನಿಂದ ಮರಿಗಳ ಸಣ್ಣ ಚೀರಾಟ ಕೇಳಿಸುತ್ತದೆ. ಆಗ ಮಾಡಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಯಾವ ಬಾವಲಿಗಳಿಗೆ ಪೆಟ್ಟಿಗೆ ಉಪಯುಕ್ತ

ಭಾರತದಲ್ಲಿ 130ಕ್ಕೂ ಹೆಚ್ಚು ಪ್ರಭೇದಗಳ ಬಾವಲಿಗಳಿವೆ. ಜನಸಾಮಾನ್ಯರು ಇವೆಲ್ಲವನ್ನೂ ಬಾವಲಿ, ಕಣ್ಣಕಪ್ಪಡಿ, ತೊಗಲುಬಾವಲಿ ಎಂದು ಕರೆಯುವರಾದರೂ ಅವುಗಳ ವಾಸದ ರೀತಿ ಒಂದೇ ಬಗೆಯದಲ್ಲ. ಆಲ, ಅರಳಿ, ಹುಣಸೆ ಮುಂತಾದ ದೊಡ್ಡ ಮರಗಳಲ್ಲಿ ಹಗಲಿಡೀ ತಲೆಕೆಳಗಾಗಿ ನೇತಾಡುವ, ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಯಷ್ಟು ಅಗಲವಾಗುವ ದೊಡ್ಡ ಹಣ್ಣುಬಾವಲಿಗಳು ಪೆಟ್ಟಿಗೆಗೆ ಬರುವುದಿಲ್ಲ. ತಾಳೆ ಜಾತಿಯ ಮರಗಳ ಗರಿಯ ಮರೆಯಲ್ಲಿ ವಾಸಿಸುವ ಚಿಕ್ಕ ಹಣ್ಣುಬಾವಲಿಗಳೂ ಬರುವುದಿಲ್ಲ. ಗುಹೆ, ಹಳೆಯ ದೇವಾಲಯದ ಗರ್ಭಗುಡಿ, ಕೋಟೆಯ ಸುರಂಗಗಳಲ್ಲಿ ಛಾವಣಿಯಿಂದ ಬಿಡಿಬಿಡಿಯಾಗಿ ತೂಗುವ ಕೀಟಾಹಾರಿ ಬಾವಲಿಗಳಿಗೆ ತೆರೆದ ಸ್ಥಳ ಬೇಕಾಗಿರುವುದರಿಂದ ಅವುಗಳಿಗೂ ಇದು ಪ್ರಯೋಜನವಿಲ್ಲ.

ಸಂದುಗಳಲ್ಲಿ ಮೈಯನ್ನು ತೂರಿಸಿ ಕೂರುವ ಚಿಕ್ಕ ಕೀಟಾಹಾರಿ ಬಾವಲಿಗಳಿಗೆ ಮಾತ್ರ ಪೆಟ್ಟಿಗೆಯು ಉಪಯುಕ್ತ. ಹೆಬ್ಬೆರಳಿನಷ್ಟು ದೇಹವುಳ್ಳ ಪಿಪಿಸ್ಟ್ರೆಲ್ ಬಾವಲಿಗಳು ಇವುಗಳಲ್ಲಿ ಮುಖ್ಯವಾದವು. ಸಂಜೆ ಬೆಳಕು ಪೂರ್ತಿ ಆರುವ ಮೊದಲೇ ಬೀದಿ ದೀಪದ ಸುತ್ತ ಚಕ್ಕನೆ ತಿರುಗುತ್ತಾ ಹಾರುವವು ಸಾಮಾನ್ಯವಾಗಿ ಇವೇ. ಅರ್ಧ ಇಂಚಿನಷ್ಟು ಸಂದಿದ್ದರೂ ಇವು ಒಳಸೇರಬಲ್ಲವು. ಇವುಗಳಿಗಿಂತ ದೊಡ್ಡದಾದ, ಹೊಟ್ಟೆಯ ಭಾಗ ಹಳದಿ ಬಣ್ಣವಿರುವ ಮನೆಬಾವಲಿಯೂ ಕಟ್ಟಡಗಳ ಸಂದುಗಳನ್ನು ಆಶ್ರಯಿಸುತ್ತದೆ. ಮನೆಯವರು ಪೆಟ್ಟಿಗೆ ಮಾಡಿಸುವ ಮುನ್ನ ಎರಡು ಮೂರು ಸಂಜೆ ಅಂಗಳದಲ್ಲಿ ನಿಂತು, ಇಂತಹ ಚಿಕ್ಕ ಬಾವಲಿಗಳು ಸುತ್ತಮುತ್ತ ಹಾರುತ್ತಿವೆಯೇ ಎಂಬುದನ್ನು ನೋಡಿಕೊಳ್ಳುವುದು ಸೂಕ್ತ. ಸುತ್ತಮುತ್ತ ಒಂದೂ ಕಾಣದಿದ್ದಲ್ಲಿ ಪೆಟ್ಟಿಗೆ ಖಾಲಿ ಉಳಿಯುವ ಸಂಭವವೇ ಹೆಚ್ಚು.

ಅನುಮತಿ ಅಗತ್ಯವೇ?

ಸ್ವಂತ ಜಾಗದಲ್ಲಿ ಖಾಲಿ ಪೆಟ್ಟಿಗೆಯೊಂದನ್ನು ತೂಗುಹಾಕಿ, ಬಾವಲಿಗಳು ತಾವಾಗಿ ಬಂದರೆ ಇರಲು ಬಿಡುವುದು ಬೇಟೆಯೂ ಅಲ್ಲ, ಸಾಕಣೆಯೂ ಅಲ್ಲ. ಬಾಡಿಗೆ ಮನೆಯಾದಲ್ಲಿ ಮಾಲೀಕರ, ವಸತಿ ಸಮುಚ್ಚಯವಾದಲ್ಲಿ ಸಂಘದ ಒಪ್ಪಿಗೆಯನ್ನು ಪಡೆಯುವುದು ಒಳಿತು.

ಆದರೆ ಬಾವಲಿಗಳನ್ನು ಬೇರೆಡೆಯಿಂದ ಹಿಡಿದು ತಂದು ಪೆಟ್ಟಿಗೆಯಲ್ಲಿ ಬಿಡಬಾರದು. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 2ರಲ್ಲಿ ನೀಡಿರುವ ವ್ಯಾಖ್ಯೆಯಂತೆ ವನ್ಯಪ್ರಾಣಿಯನ್ನು ಹಿಡಿಯುವುದು, ಬಲೆಗೆ ಬೀಳಿಸುವುದು ಮತ್ತು ಅಟ್ಟುವುದು ಸಹ ಬೇಟೆಯೇ ಆಗಿರುತ್ತದೆ. ಅನುಸೂಚಿಗಳಲ್ಲಿ ಸೇರಿರುವ ಪ್ರಾಣಿಗಳ ಬೇಟೆಯನ್ನು ಕಲಂ 9ರಲ್ಲಿ ನಿಷೇಧಿಸಲಾಗಿದೆ. ಬೆಳಗಾವಿ ಜಿಲ್ಲೆಯ ಭೀಮಗಡ ವನ್ಯಜೀವಿಧಾಮದ ಬಾರಾಪೆಡೆ ಗುಹೆಗಳಲ್ಲಿರುವ ರಾಟನ್ ಬಾವಲಿ ಮೊದಲನೆಯ ಅನುಸೂಚಿಯಲ್ಲಿದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯ ಹೊರತು ಬೇರೆಲ್ಲೂ ಕಂಡುಬಂದಿರದ ಕೋಲಾರ ಎಲೆಮೂಗಿನ ಬಾವಲಿಯನ್ನು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ತೀವ್ರ ಅಪಾಯದಲ್ಲಿರುವ ಪ್ರಾಣಿ ಎಂದು ಗುರುತಿಸಲಾಗಿದೆ. ಕೈಯಲ್ಲಿರುವ ಬಾವಲಿ ಯಾವ ಪ್ರಭೇದದ್ದೆಂದು ಸಾಮಾನ್ಯ ನಾಗರಿಕರು ನಿರ್ಧರಿಸಲು ಸಾಧ್ಯವಿಲ್ಲವಾದ್ದರಿಂದ, ಯಾವುದನ್ನೂ ಹಿಡಿಯದಿರುವುದೇ ಸುರಕ್ಷಿತ ಮಾರ್ಗ.

ಹಣ್ಣುಬಾವಲಿಗಳನ್ನು ಯಾರು ಬೇಕಾದರೂ ಕೊಲ್ಲಬಹುದೆಂಬ ನಂಬಿಕೆ ಇಂದಿಗೂ ಹಲವರಲ್ಲಿದೆ. ಇದಕ್ಕೆ ಕಾರಣವೂ ಉಂಟು. ಅಧಿನಿಯಮದ ಹಳೆಯ ಐದನೆಯ ಅನುಸೂಚಿಯಲ್ಲಿ, ಇಲಿ ಹೆಗ್ಗಣ ಮತ್ತು ಕಾಗೆಗಳ ಜೊತೆಗೆ ಹಣ್ಣುಬಾವಲಿಗಳನ್ನೂ ಉಪದ್ರವಕಾರಿ ಪ್ರಾಣಿಗಳೆಂದು ಸೇರಿಸಲಾಗಿತ್ತು. 2022ರ ತಿದ್ದುಪಡಿಯ ಮೂಲಕ ಆ ಅನುಸೂಚಿಯನ್ನೇ ಕೈಬಿಡಲಾಗಿದ್ದು, ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆದಕಾರಣ ಹಳೆಯ ನಂಬಿಕೆಯನ್ನು ಆಧರಿಸಿ ಯಾವುದೇ ಕ್ರಮ ಕೈಗೊಳ್ಳಬಾರದು. ಹಣ್ಣುಬಾವಲಿಗಳು ನೆಲೆಸಿರುವ ಮರವನ್ನು ಕಡಿಯಲು, ವಿನಾಯಿತಿ ಪಡೆದ ಜಾತಿಯ ಮರಗಳ ಹೊರತಾಗಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ.

ಸೊಳ್ಳೆ ಹತೋಟಿಯ ಕುರಿತು

ಪೆಟ್ಟಿಗೆ ಇರಿಸಿದರೆ ಸೊಳ್ಳೆಗಳು ನಿರ್ನಾಮವಾಗುತ್ತವೆ ಎಂಬ ನಿರೀಕ್ಷೆಯಿಂದ ಈ ಕೆಲಸಕ್ಕೆ ಕೈಹಾಕಬಾರದು. ಈ ಕಲ್ಪನೆ ನೂರು ವರ್ಷಕ್ಕಿಂತಲೂ ಹಳೆಯದು. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ವೈದ್ಯರಾದ ಚಾರ್ಲ್ಸ್ ಕ್ಯಾಂಪ್‌ಬೆಲ್ ಅವರು ಮಲೇರಿಯಾ ತಡೆಯುವ ಉದ್ದೇಶದಿಂದ 1911ರಲ್ಲಿ ಕೆರೆಯೊಂದರ ದಂಡೆಯಲ್ಲಿ ಮರದ ಬಾವಲಿ ಗೋಪುರವನ್ನು ಕಟ್ಟಿಸಿದರು. ಬಾವಲಿಗಳು ಬಂದವು. ಅದನ್ನು ಕಂಡು ಬೇರೆಡೆಯೂ ಗೋಪುರಗಳು ಎದ್ದವು. ಅವರ ಯೋಜನೆಯಂತೆ ಪರ್ಕಿ ಎಂಬ ಉದ್ಯಮಿ 1929ರಲ್ಲಿ ಫ್ಲಾರಿಡಾದ ದ್ವೀಪವೊಂದರಲ್ಲಿ ಕಟ್ಟಿಸಿದ ಗೋಪುರದಲ್ಲಿ ಮಾತ್ರ ಬಾವಲಿಗಳು ನೆಲೆಸಲೇ ಇಲ್ಲ. ಖಾಲಿ ಗೋಪುರವು ದಶಕಗಳ ಕಾಲ ಪ್ರವಾಸಿಗರು ನೋಡುವ ವಸ್ತುವಾಗಿ ಉಳಿದು, 2017ರ ಇರ್ಮಾ ಚಂಡಮಾರುತದಲ್ಲಿ ಉರುಳಿತು. ಸೊಳ್ಳೆಗಳು ಮಾತ್ರ ಅಲ್ಲಿಯೇ ಇದ್ದವು.

ಒಂದು ಬಾವಲಿ ಗಂಟೆಗೆ ನೂರಾರು ಸೊಳ್ಳೆಗಳನ್ನು ತಿನ್ನುತ್ತದೆ ಎಂಬ ಲೆಕ್ಕ ಹಲವೆಡೆ ಪ್ರಕಟವಾಗುತ್ತಿರುತ್ತದೆ. ಇದಕ್ಕೆ ಮೂಲವಾದುದು 1960ರಲ್ಲಿ ಪ್ರಕಟವಾದ ಪ್ರಯೋಗ. ಅದರಲ್ಲಿ ಮುಚ್ಚಿದ ಕೋಣೆಯೊಳಗೆ ಸೊಳ್ಳೆಗಳನ್ನು ತುಂಬಿ ಬಾವಲಿಗಳನ್ನು ಬಿಡಲಾಗಿತ್ತು. ಕೆಲವು ನಿಮಿಷಗಳ ಬೇಟೆಯನ್ನು ಗಂಟೆಗೆ ಗುಣಿಸಿ ಬಂದ ಸಂಖ್ಯೆಯನ್ನು ಬಯಲಿನ ರಾತ್ರಿಗೆ ಅನ್ವಯಿಸುವುದು ಸರಿಯಾದ ಲೆಕ್ಕವಲ್ಲ. ಬಯಲಿನಲ್ಲಿ ಬಾವಲಿಯು ಪತಂಗ, ದುಂಬಿ, ಗೆದ್ದಲಿನ ಈಚಲು, ನೊಣ, ಸೊಳ್ಳೆ ಹೀಗೆ ಸಿಕ್ಕಿದ್ದನ್ನು ತಿನ್ನುತ್ತದೆ. ಇನ್ನು ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆ ಹೊತ್ತಿನಲ್ಲಿ ಬಾವಲಿ ನಿದ್ರಿಸುತ್ತಿರುತ್ತದೆ. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ಕೊಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ಹಿತ್ತಿಲಿನಲ್ಲಿ ಪೆಟ್ಟಿಗೆ ಇದೆ ಎಂಬುದು ಡ್ರಮ್ಮಿನಲ್ಲಿ ನೀರು ನಿಲ್ಲಿಸಿದ್ದಕ್ಕೆ ಸಮಜಾಯಿಷಿ ಆಗಲಾರದು.

ಹೊಲ ಗದ್ದೆಗಳ ಮಟ್ಟಿಗೆ ಪ್ರಯೋಜನದ ಪುರಾವೆ ಇದಕ್ಕಿಂತ ಗಟ್ಟಿಯಾಗಿದೆ. ಸ್ಪೇನ್ ದೇಶದ ಎಬ್ರೊ ನದಿಯ ಮುಖಜಭೂಮಿಯ ಭತ್ತದ ಗದ್ದೆಗಳಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಲಾಯಿತು. ಅವುಗಳಲ್ಲಿ ನೆಲೆಸಿದ ಪಿಪಿಸ್ಟ್ರೆಲ್ ಬಾವಲಿಗಳ ಸಂಖ್ಯೆ ಹೆಚ್ಚಿದಂತೆ ಕಾಂಡಕೊರಕದ ಬಾಧೆ ಇಳಿದುದನ್ನು ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ್ದಾರೆ. ಗದ್ದೆ, ತೋಟಗಳ ಅಂಚಿನಲ್ಲಿ ಮನೆ ಇರುವವರು ಈ ದೃಷ್ಟಿಯಿಂದ ಪೆಟ್ಟಿಗೆಯನ್ನು ಪರಿಗಣಿಸಬಹುದು.

ಪೆಟ್ಟಿಗೆಯ ನಿರ್ಮಾಣ

ಪೆಟ್ಟಿಗೆ ಎಂಬ ಹೆಸರಿದ್ದರೂ ಇದು ಪಕ್ಷಿಗಳ ಗೂಡಿನಂತೆ ಇರುವುದಿಲ್ಲ. ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು, ಮೇಲೊಂದು ಮುಚ್ಚಿಗೆ, ಕೆಳಭಾಗ ಪೂರ್ತಿ ತೆರವು, ಇಷ್ಟೇ ಇದರ ರಚನೆ. ಊರಿನ ಯಾವ ಬಡಗಿಯಾದರೂ ಅರ್ಧ ದಿನದಲ್ಲಿ ಮಾಡಿಕೊಡಬಲ್ಲರು. ಅವರ ಅನುಕೂಲಕ್ಕಾಗಿ ಅಳತೆಗಳನ್ನು ಅಡಿ ಇಂಚುಗಳಲ್ಲಿ ನೀಡಲಾಗಿದೆ.

ಹಿಂಬದಿಯ ಹಲಗೆ 32 ಇಂಚು ಎತ್ತರ, 16 ಇಂಚು ಅಗಲ ಇರತಕ್ಕದ್ದು. ಮುಂಬದಿ 24 ಇಂಚು ಎತ್ತರ, 16 ಇಂಚು ಅಗಲ. ಹಿಂಬದಿಯ ಹಲಗೆಯು ಮುಂಬದಿಗಿಂತ ಮೇಲೆ 3 ಇಂಚು, ಕೆಳಗೆ 5 ಇಂಚು ಹೊರಚಾಚಿರಬೇಕು. ಮೇಲಿನ 3 ಇಂಚು ಗೋಡೆಗೆ ಬಿಗಿಯಲು ಬೇಕಾಗುತ್ತದೆ. ಕೆಳಗಿನ 5 ಇಂಚಿನ ಮೇಲೆ ಬಾವಲಿಯು ಬಂದು ಇಳಿದು, ಅಲ್ಲಿಂದ ಹತ್ತಿ ಒಳಹೋಗುತ್ತದೆ. ಎರಡು ಹಲಗೆಗಳ ನಡುವೆ ಎರಡೂ ಪಕ್ಕಗಳಲ್ಲಿ ಮತ್ತು ಮೇಲ್ಭಾಗದಲ್ಲಿ ರೀಪರ್ ಪಟ್ಟಿ ಕೂರಿಸಿ ಬಿಗಿಯಬೇಕು. ರೀಪರಿನ ದಪ್ಪವೇ ಒಳಗಿನ ಸಂದಿನ ಅಳತೆಯಾಗುತ್ತದೆ. ಅದು ಮುಕ್ಕಾಲು ಇಂಚಿಗಿಂತ ಕಡಿಮೆ ಇರಬಾರದು, ಒಂದು ಇಂಚನ್ನು ಮೀರಬಾರದು. ಸಂದು ಅಗಲವಾದಷ್ಟೂ ಹಲ್ಲಿ, ಇಲಿ, ಕಣಜಗಳು ಸೇರಿಕೊಂಡು ಬಾವಲಿಗೆ ಬೇಡವಾಗುತ್ತದೆ. ಬಡಗಿಗಳು ಉದಾರವಾಗಿ ಎರಡು ಇಂಚು ಬಿಟ್ಟುಕೊಡುವ ಸಂಭವವಿರುವುದರಿಂದ ಈ ಒಂದು ಅಳತೆಯನ್ನು ಮುಂದೆ ನಿಂತು ನೋಡಿಕೊಳ್ಳುವುದು ಮೇಲು.

ಮುಂಬದಿಯ ಹಲಗೆಯನ್ನು ಒಂದೇ ತುಂಡಾಗಿ ಮಾಡದೆ, ಕೆಳಗಿನ 6 ಇಂಚನ್ನು ಬೇರೆಯಾಗಿ ಕೂರಿಸಿ, ಎರಡು ತುಂಡುಗಳ ನಡುವೆ ಅಡ್ಡಲಾಗಿ ಅರ್ಧ ಇಂಚು ತೆರವು ಬಿಡತಕ್ಕದ್ದು. ಇದು ಗಾಳಿಕಿಂಡಿ. ಬಯಲುಸೀಮೆಯಲ್ಲಿ ಈ ಕಿಂಡಿಯಿಲ್ಲದ ಪೆಟ್ಟಿಗೆಯನ್ನು ತೂಗುಹಾಕಲೇಬಾರದು.

8 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆಯಿಂದ ಮಾಡಿಸುವುದಾದರೆ ಹಿಂಬದಿಗೆ ಎರಡು, ಮುಂಬದಿಗೆ ಎರಡು ಹಲಗೆಗಳನ್ನು ಜೋಡಿಸಬೇಕಾಗುತ್ತದೆ. 20 ಇಂಚು ಉದ್ದದ ಮುಚ್ಚಿಗೆಯೂ ಸೇರಿ ಒಟ್ಟು ಸುಮಾರು 11 ಅಡಿ ಹಲಗೆ, 6 ಅಡಿಯಷ್ಟು ರೀಪರ್ ಬೇಕು. ಮರ ಕೊಯ್ಯುವ ಮಿಲ್ಲುಗಳಲ್ಲಿ ದೊರೆಯುವ ಸಿಲ್ವರ್ ಓಕ್, ಹಲಸು, ಮಾವಿನ ಹಲಗೆಗಳು ಸಾಕಾಗುತ್ತವೆ. ತೇಗಕ್ಕೆ ಹಣ ವೆಚ್ಚ ಮಾಡುವ ಅಗತ್ಯವಿಲ್ಲ. ನೀರಿಗೆ ತಡೆಯುವುದೆಂದು ಅಂಗಡಿಯವರು ಮರೈನ್ ಪ್ಲೈವುಡ್ ಸೂಚಿಸಬಹುದಾದರೂ, ಅದಕ್ಕೆ ಕೀಟ ಮತ್ತು ಶಿಲೀಂಧ್ರ ತಡೆಯುವ ರಾಸಾಯನಿಕವನ್ನು ಉಣಿಸಿರುವುದರಿಂದ ಈ ಕೆಲಸಕ್ಕೆ ಅದು ಯೋಗ್ಯವಲ್ಲ. ಅದೇ ಕಾರಣದಿಂದ ಗೆದ್ದಲಿನ ಔಷಧಿ, ಕರಿ ಆಯಿಲ್, ಕರಾವಳಿ ಮಲೆನಾಡುಗಳಲ್ಲಿ ಮರಕ್ಕೆ ಬಳಿಯುವ ಗೇರೆಣ್ಣೆ, ವಾರ್ನಿಷ್ ಯಾವುದನ್ನೂ ಒಳಭಾಗಕ್ಕೆ ಬಳಿಯಕೂಡದು. ಬಾವಲಿಯು ತನ್ನ ಮೈಯನ್ನು ನೆಕ್ಕಿ ಶುಚಿಗೊಳಿಸಿಕೊಳ್ಳುವ ಪ್ರಾಣಿಯಾಗಿದ್ದು, ಹಲಗೆಯಲ್ಲಿರುವುದು ಅದರ ಹೊಟ್ಟೆಗೆ ಹೋಗುತ್ತದೆ.

ಒಳಗಿನ ಎರಡೂ ಮೈಗಳು ಒರಟಾಗಿರಬೇಕು. ಕೀಸುಳಿ ಹಿಡಿದು ನಯ ಮಾಡಿಸಬಾರದು. ಹಲಗೆಗೆ ಅಡ್ಡಲಾಗಿ ಅರ್ಧ ಇಂಚಿಗೊಂದರಂತೆ ಗರಗಸದಿಂದ ತೆಳುವಾದ ಗೀರುಗಳನ್ನು ಎಳೆದರೆ ಬಾವಲಿಯ ಉಗುರುಗಳಿಗೆ ಹಿಡಿತ ಸಿಗುತ್ತದೆ. ಕೆಳಗೆ ಚಾಚಿರುವ ಭಾಗಕ್ಕೂ ಹೀಗೆಯೇ ಮಾಡಬೇಕು. ಗೀರುಗಳ ಬದಲು ತಂತಿಯ ಜಾಲರಿ ಬಡಿಯುವುದರಿಂದ ಉಗುರು ಮತ್ತು ರೆಕ್ಕೆಯ ಪೊರೆ ಸಿಕ್ಕಿಕೊಂಡು ಗಾಯವಾಗುತ್ತದೆ. ಮೊಳೆಯ ತುದಿಗಳು ಒಳಕ್ಕೆ ಚಾಚಿರದಂತೆ ಕೈಯಾಡಿಸಿ ಪರೀಕ್ಷಿಸುವುದು, ಮೊಳೆಗಿಂತ ಸ್ಕ್ರೂ ಬಳಸುವುದು ಉತ್ತಮ. ಹಲಗೆಯ ಜೋಡಣೆಯ ಗೆರೆಗಳಿಗೆ ಹೊರಗಿನಿಂದ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದರೆ ಸಾಕು.

ಮುಚ್ಚಿಗೆಯು ಮುಂದಕ್ಕೆ ಇಳಿಜಾರಾಗಿ, ಮೂರು ಕಡೆಯೂ ಹೊರಚಾಚಿರಬೇಕು. ಮಲೆನಾಡಿನಲ್ಲಿ ಮಳೆಯಿಂದ ರಕ್ಷಣೆಗೆ ಅದರ ಮೇಲೆ ಮಂಗಳೂರು ಹೆಂಚನ್ನು ಹೊದಿಸಬಹುದು. ಬರಿಯ ತಗಡು ಹೊದಿಸಿದರೆ ಬೇಸಿಗೆಯಲ್ಲಿ ಒಳಗೆ ಕಾವು ಹೆಚ್ಚುತ್ತದೆ.

ಸ್ಥಳದ ಆಯ್ಕೆ ಮತ್ತು ಬಿಸಿಲು

ಬಾವಲಿ ಪೆಟ್ಟಿಗೆಯ ಕುರಿತು ದೊರೆಯುವ ಬಹುಪಾಲು ಸೂಚನೆಗಳು ಅಮೆರಿಕ ಮತ್ತು ಯುರೋಪಿನ ಚಳಿ ಪ್ರದೇಶಗಳಿಗಾಗಿ ಬರೆದವು. ಅಲ್ಲಿ ಮರಿಗಳಿಗೆ ಬೆಚ್ಚಗಿನ ತಾಣ ಬೇಕಾಗಿರುವುದರಿಂದ, ದಿನಕ್ಕೆ ಆರು ಗಂಟೆಗೂ ಹೆಚ್ಚು ಬಿಸಿಲು ಬೀಳುವ ಕಡೆ ಇರಿಸಿ, ಕಡು ಬಣ್ಣ ಬಳಿಯಿರಿ ಎಂದು ತಿಳಿಸಲಾಗುತ್ತದೆ. ಈ ಸೂಚನೆಯನ್ನು ಏಪ್ರಿಲ್ ಮೇ ತಿಂಗಳ ಕಲಬುರಗಿ ಅಥವಾ ರಾಯಚೂರಿನಲ್ಲಿ ಪಾಲಿಸಿದರೆ ಪೆಟ್ಟಿಗೆಯು ಒಲೆಯಾಗುತ್ತದೆ. ಅದೇ ಸ್ಪೇನ್ ದೇಶದಲ್ಲಿ, ಬಿಸಿಲಿನ ಕಾವಿಗೆ ಪೆಟ್ಟಿಗೆಯೊಳಗಿನ ತಾಪ ಮಿತಿ ಮೀರಿ ಬಾವಲಿಗಳಿಗೆ ಅದು ಸಾವಿನ ಬಲೆಯಾಗಬಹುದೆಂದು ವಿಜ್ಞಾನಿಗಳು 2014ರಲ್ಲಿ ಎಚ್ಚರಿಸಿದ್ದಾರೆ. 40 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲಿ ಅಪಾಯ ಆರಂಭವಾಗುತ್ತದೆ. ಹಾರಲಾರದ ಮರಿಗಳಿಗೆ ಅಲ್ಲಿಂದ ಹೊರಬೀಳುವ ದಾರಿಯೂ ಇರುವುದಿಲ್ಲ.

ಆದುದರಿಂದ ಕಲ್ಯಾಣ ಕರ್ನಾಟಕ, ಬಳ್ಳಾರಿ, ವಿಜಯಪುರ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಪೂರ್ವದ ಗೋಡೆಗೆ, ಸೂರಿನ ನೆರಳು ಬೀಳುವಂತೆ, ಬೆಳಗಿನ ಬಿಸಿಲು ಮಾತ್ರ ತಾಗುವ ಸ್ಥಳದಲ್ಲಿ ಇರಿಸತಕ್ಕದ್ದು. ಹೊರಭಾಗಕ್ಕೆ ನೀರಿನಲ್ಲಿ ಕರಗುವ ಬಿಳಿ ಬಣ್ಣ ಬಳಿಯಬಹುದು. ಪಶ್ಚಿಮದ ಗೋಡೆ ಮತ್ತು ಆರ್‌ಸಿಸಿ ತಾರಸಿಯ ಕೈಪಿಡಿ ಗೋಡೆ ಸಂಪೂರ್ಣ ವರ್ಜ್ಯ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಮಲೆನಾಡಿನಲ್ಲಿ ಮರದ ಸಹಜ ಬಣ್ಣವನ್ನೇ ಉಳಿಸಿ, ಮಧ್ಯಾಹ್ನದವರೆಗೆ ಬಿಸಿಲು ಬೀಳುವಲ್ಲಿ ಇರಿಸಬಹುದು. ಮೈಸೂರು, ಬೆಂಗಳೂರು, ತುಮಕೂರು ಭಾಗಗಳಿಗೂ ಬೆಳಗಿನ ಬಿಸಿಲೇ ಸಾಕು.

ಇದನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. ಪೆಟ್ಟಿಗೆಯನ್ನು ಬೇಸಿಗೆಗೆ ಮುಂಚೆ ಬಿಗಿದು, ಏಪ್ರಿಲ್‌ನಲ್ಲಿ ಅದು ಇನ್ನೂ ಖಾಲಿಯಿರುವಾಗ ಸಾಧಾರಣ ಉಷ್ಣಮಾಪಕವೊಂದನ್ನು ದಾರದಿಂದ ಒಳಕ್ಕೆ ಇಳಿಬಿಡಬೇಕು. ಅಪರಾಹ್ನ ಎರಡರಿಂದ ಮೂರು ಗಂಟೆಯ ನಡುವೆ ಮೂರು ನಾಲ್ಕು ದಿನ ಓದಿದಾಗ ಒಮ್ಮೆಯಾದರೂ 40 ಡಿಗ್ರಿ ಮುಟ್ಟಿದಲ್ಲಿ ಆ ಸ್ಥಳವನ್ನು ಬಿಟ್ಟು ಬೇರೆ ಸ್ಥಳ ನೋಡತಕ್ಕದ್ದು. ಮನೆಯಲ್ಲಿ ಎಲ್ಲಿಯೂ ತಂಪಾದ ಗೋಡೆ ದೊರೆಯದಿದ್ದಲ್ಲಿ ಪೆಟ್ಟಿಗೆಯ ವಿಚಾರವನ್ನು ಕೈಬಿಡುವುದೇ ಬಾವಲಿಗಳಿಗೆ ಮಾಡುವ ಉಪಕಾರ.

ಎತ್ತರವು ನೆಲದಿಂದ 12 ರಿಂದ 15 ಅಡಿ ಇರಬೇಕು. ಮರಕ್ಕೆ ಬಿಗಿಯುವುದು ಸುಲಭವೆನಿಸಿದರೂ ಬೆಕ್ಕು ಮತ್ತು ಕೇರೆಹಾವು ಅದೇ ಸುಲಭದಲ್ಲಿ ಹತ್ತುತ್ತವೆ. ಗೋಡೆ ಅಥವಾ ಕಂಬವೇ ಮೇಲು. ಮುಂದೆ 20 ಅಡಿಯವರೆಗೆ ಕೊಂಬೆ, ತಂತಿಗಳ ಅಡ್ಡಿ ಇರಬಾರದು. ಬಾವಲಿ ಹೊರಡುವಾಗ ಮೊದಲು ಕೆಳಕ್ಕೆ ಬಿದ್ದು ನಂತರ ರೆಕ್ಕೆ ಬಿಚ್ಚುತ್ತದೆ. ಬೀದಿ ದೀಪದ ನೇರ ಬೆಳಕು ಪೆಟ್ಟಿಗೆಯ ಬಾಯಿಗೆ ಬೀಳಬಾರದು. ಹಿಕ್ಕೆಗಳು ಕೆಳಗೆ ಬೀಳುವುದರಿಂದ ಬಾಗಿಲು, ಕಿಟಕಿ, ಬಟ್ಟೆ ಒಣಹಾಕುವ ತಂತಿ, ತೆರೆದ ಬಾವಿ, ನೀರಿನ ತೊಟ್ಟಿಗಳ ಮೇಲ್ಭಾಗದಲ್ಲಿ ಇರಿಸಬಾರದು. ಪೆಟ್ಟಿಗೆಯ ಕೆಳಗೆ ಹೂಗಿಡಗಳ ಪಾತಿ ಮಾಡಿದವರಿಗೆ ಗೊಬ್ಬರ ತಾನಾಗಿಯೇ ದೊರೆಯುತ್ತದೆ.

ಸೂರಿನಲ್ಲಿ ಈಗಾಗಲೇ ಬಾವಲಿಗಳಿದ್ದಲ್ಲಿ

ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು ಪೆಟ್ಟಿಗೆಯನ್ನು ಬಾವಲಿಗಳು ಈಗ ಹೊರಬೀಳುವ ಸಂದಿನ ಸಮೀಪದಲ್ಲಿಯೇ, ಕೆಲಸ ಆರಂಭಿಸುವ ಕೆಲವು ತಿಂಗಳುಗಳ ಮೊದಲು ಬಿಗಿಯಬೇಕು. ಸಂದನ್ನು ಮುಚ್ಚುವ ಮುನ್ನ ಒಳಗೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಬಾವಲಿಗಳು ಒಂದು ಸಲಕ್ಕೆ ಒಂದು ಅಥವಾ ಎರಡು ಮರಿಗಳನ್ನು ಮಾತ್ರ ಹಾಕುತ್ತವೆ. ಮರಿ ಹಾಕುವ ಕಾಲವು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿದ್ದು, ಕೆಲವು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಮರಿ ಹಾಕುತ್ತವೆ. ಆದಕಾರಣ ಇಂತಹ ತಿಂಗಳಿನಲ್ಲಿ ಮುಚ್ಚಬಹುದೆಂದು ಎಲ್ಲರಿಗೂ ಅನ್ವಯಿಸುವಂತೆ ಹೇಳಲಾಗದು. ತಾಯಿಗಳು ಹೊರಟುಹೋದ ಮೇಲೆ, ರಾತ್ರಿ ಎಂಟರ ಸುಮಾರಿಗೆ ಸಂದಿನ ಬಳಿ ನಿಂತು ಆಲಿಸಬೇಕು. ಒಳಗಿನಿಂದ ಕೀರಲು ಧ್ವನಿ ಕೇಳಿಸಿದಲ್ಲಿ ಮರಿಗಳಿವೆಯೆಂದೇ ತಿಳಿದು, ಅವು ಹಾರಲು ಕಲಿಯುವವರೆಗೆ ಕೆಲವು ವಾರ ಕೆಲಸವನ್ನು ಮುಂದೂಡತಕ್ಕದ್ದು.

ಮರಿಗಳಿಲ್ಲವೆಂದಾದ ಮೇಲೆ, ಸಂದಿನ ಮೇಲ್ಭಾಗ ಮತ್ತು ಪಕ್ಕಗಳಿಗೆ ಸಣ್ಣ ಕಣ್ಣಿನ ನೈಲಾನ್ ಪರದೆಯನ್ನು ಬಿಗಿದು, ಕೆಳಗೆ ಒಂದೂವರೆ ಅಡಿಯಷ್ಟು ಸಡಿಲವಾಗಿ ಇಳಿಬಿಡಬೇಕು. ಒಳಗಿದ್ದ ಬಾವಲಿಗಳು ಪರದೆಯ ಕೆಳಗಿನಿಂದ ನುಸುಳಿ ಹೊರಬರುತ್ತವೆ, ಹಿಂದಿರುಗುವಾಗ ಅವುಗಳಿಗೆ ದಾರಿ ಸಿಗುವುದಿಲ್ಲ. ಒಂದು ವಾರ ಹೀಗೆಯೇ ಬಿಟ್ಟು, ಸಂಜೆ ಯಾವುದೂ ಹೊರಬರುತ್ತಿಲ್ಲವೆಂದು ನೋಡಿಕೊಂಡು ನಂತರ ಗಾರೆ ಹಾಕಿಸಬಹುದು. ಮೆಣಸಿನಕಾಯಿ ಹೊಗೆ, ನುಸಿ ಗುಳಿಗೆ, ಪಟಾಕಿ, ಕೀಟನಾಶಕ ಬಳಸಬಾರದು. ಗಾಬರಿಗೊಂಡ ಬಾವಲಿಗಳು ಮನೆಯ ಕೋಣೆಗಳಿಗೇ ನುಗ್ಗುವುದರ ಜೊತೆಗೆ, ಸಂದಿನೊಳಗೆ ಸತ್ತವು ಕೊಳೆತು ನಾರುವ ತೊಂದರೆಯನ್ನು ಮನೆಯವರೇ ಅನುಭವಿಸಬೇಕಾಗುತ್ತದೆ.

ಆರೋಗ್ಯ ಮುನ್ನೆಚ್ಚರಿಕೆ

ಬಾವಲಿಯನ್ನು ಬರಿಗೈಯಿಂದ ಮುಟ್ಟಬಾರದು. ನೆಲಕ್ಕೆ ಬಿದ್ದ ಬಾವಲಿಯನ್ನು ದಪ್ಪ ಬಟ್ಟೆ ಅಥವಾ ರಟ್ಟಿನ ಸಹಾಯದಿಂದ ಎತ್ತಿ, ಸಂಜೆಯಾದ ಮೇಲೆ ಬೆಕ್ಕಿಗೆ ಎಟುಕದ ಎತ್ತರದಲ್ಲಿ ಇರಿಸಿದರೆ ಹಾರಿಹೋಗುತ್ತದೆ. ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಆ ಭಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಗಾಯ ಎಷ್ಟೇ ಚಿಕ್ಕದಾಗಿದ್ದರೂ ಅಂದೇ ವೈದ್ಯರನ್ನು ಕಾಣತಕ್ಕದ್ದು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ ಹೇಳಿರಬೇಕು.

ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಗುಡಿಸುವ ಮುನ್ನ ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ತೆಗೆಯಬೇಕು.

ನಿಪಾ ಜ್ವರದ ಬಗ್ಗೆ ಸಾರ್ವಜನಿಕರಲ್ಲಿ ಆತಂಕವಿರುವುದು ಸಹಜ. ನೆರೆಯ ಕೇರಳದ ಕೋಯಿಕ್ಕೋಡ್‌ನಲ್ಲಿ 2018ರಲ್ಲಿ ಮತ್ತು ನಂತರದ ವರ್ಷಗಳಲ್ಲಿ ಅದೇ ರಾಜ್ಯದಲ್ಲಿ ಈ ರೋಗ ಕಾಣಿಸಿಕೊಂಡಿದೆ. ಈ ವೈರಾಣುವಿನ ನೆಲೆಯೆಂದು ಗುರುತಿಸಿರುವುದು ಮರಗಳಲ್ಲಿ ವಾಸಿಸುವ ದೊಡ್ಡ ಹಣ್ಣುಬಾವಲಿಯನ್ನು. ಮೇಲೆ ತಿಳಿಸಿದಂತೆ ಅವು ಪೆಟ್ಟಿಗೆಗೆ ಬರುವುದಿಲ್ಲ. ಆದಾಗ್ಯೂ ಬಾವಲಿ ಕಚ್ಚಿದ ಮಾವು, ಪೇರಲೆ, ಸಪೋಟ ಹಣ್ಣುಗಳನ್ನು ತಿನ್ನಬಾರದು, ಬಾವಲಿಗಳು ಮುಟ್ಟಿರಬಹುದಾದ ಹಸಿ ನೀರಾವನ್ನು ಕುಡಿಯಬಾರದು. 2020ರಲ್ಲಿ ಕೋವಿಡ್ ಭಯದಿಂದ ಬಾವಲಿಗಳ ನೆಲೆಗಳನ್ನು ನಾಶ ಮಾಡುವ ಪ್ರಯತ್ನಗಳು ನಡೆದಾಗ, ದಕ್ಷಿಣ ಏಷ್ಯಾದ ಬಾವಲಿ ತಜ್ಞರು ಜಂಟಿ ಹೇಳಿಕೆಯ ಮೂಲಕ ಅದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಸ್ಪಷ್ಟಪಡಿಸಿದ್ದರು.

ಪೆಟ್ಟಿಗೆ ಇರಿಸಿದ ನಂತರ

ಬಾವಲಿಗಳು ಬರುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಫ್ಲಾರಿಡಾ ವಿಶ್ವವಿದ್ಯಾಲಯವು ತನ್ನ ಕ್ರೀಡಾಂಗಣದಲ್ಲಿ ನೆಲೆಸಿದ್ದ ಬಾವಲಿಗಳಿಗಾಗಿ 1991ರಲ್ಲಿ ದೊಡ್ಡ ಬಾವಲಿ ಮನೆಯನ್ನೇ ಕಟ್ಟಿಸಿ ಅವುಗಳನ್ನು ತಂದು ಬಿಟ್ಟಾಗಲೂ ಅವು ನಿಲ್ಲದೆ ಹೊರಟುಹೋದವು, ನೆಲೆಸಿದ್ದು ಕೆಲವು ವರ್ಷಗಳ ನಂತರ. ಹಿತ್ತಿಲಿನ ಪೆಟ್ಟಿಗೆಗೂ ಎರಡು ವರ್ಷ ಅವಕಾಶ ಕೊಡಬೇಕು. ಹಿಕ್ಕೆ ಅಥವಾ ಆಹಾರವನ್ನು ಒಳಗಿಟ್ಟು ಆಕರ್ಷಿಸುವ ಉಪಾಯಗಳು ಕೆಲಸ ಮಾಡುವುದಿಲ್ಲ. ಎರಡು ವರ್ಷಗಳ ನಂತರವೂ ಖಾಲಿಯಿದ್ದರೆ ಬೇರೆ ಗೋಡೆಗೆ ಬದಲಿಸಿ ನೋಡಬಹುದು.

ಕೆಳಗಿನ ನೆಲದ ಮೇಲೆ ಅಕ್ಕಿಕಾಳಿನಂತಹ ಕಪ್ಪು ಹಿಕ್ಕೆಗಳು ಕಂಡರೆ ಅವು ಬಂದಿರುವುದು ಖಚಿತ. ಬೆರಳಿನಿಂದ ಹಿಸುಕದೆ, ಕಡ್ಡಿಯಿಂದ ಒತ್ತಿ ನೋಡಿದಾಗ ಹೊಳೆಯುವ ಪುಡಿಯಾದರೆ ಅದು ಬಾವಲಿಯದು. ಹೊಳಪು ಕೀಟಗಳ ರೆಕ್ಕೆಯ ಚೂರುಗಳಿಂದ ಬರುತ್ತದೆ. ಗಟ್ಟಿಯಾಗಿದ್ದರೆ ಇಲಿಯದಾಗಿರಬಹುದು. ನಂತರ ಪೆಟ್ಟಿಗೆಗೆ ಟಾರ್ಚ್ ಬಿಟ್ಟು ಪದೇ ಪದೇ ನೋಡುವುದನ್ನು, ಕೋಲಿನಿಂದ ತಟ್ಟುವುದನ್ನು ಮಾಡಬಾರದು. ಸಂಜೆ ಕುರ್ಚಿ ಹಾಕಿಕೊಂಡು ಹೊರಬರುವವನ್ನು ಎಣಿಸುವುದರಿಂದ ಅವುಗಳಿಗೆ ತೊಂದರೆಯಿಲ್ಲ. ಬೇಸಿಗೆಯ ಮಧ್ಯಾಹ್ನ ಬಾವಲಿಗಳು ಪೆಟ್ಟಿಗೆಯ ಬಾಯಿಗೆ ಇಳಿದು ಗುಂಪುಗೂಡಿದ್ದರೆ ಅಥವಾ ಹೊರಮೈಗೆ ಅಂಟಿಕೊಂಡಿದ್ದರೆ ಒಳಗೆ ಕಾವು ಹೆಚ್ಚಿದೆಯೆಂದು ಅರ್ಥ. ಆಗ ಪೆಟ್ಟಿಗೆಯನ್ನು ಕೀಳದೆ, ಅದರ ಮೇಲ್ಭಾಗಕ್ಕೆ ಒಂದು ಅಡಿ ಅಂತರ ಬಿಟ್ಟು ತೆಂಗಿನ ಗರಿ ಅಥವಾ ಗೋಣಿಚೀಲದ ನೆರಳು ಕಟ್ಟತಕ್ಕದ್ದು. ಸ್ಥಳ ಬದಲಾವಣೆಯನ್ನು ಅವು ಇಲ್ಲದ ಸಮಯದಲ್ಲಿ ಮಾಡಬಹುದು.

ಮನವಿ ಸಲ್ಲಿಸುವ ಬಗ್ಗೆ

ಬಾವಲಿಗಳ ಕುರಿತು ಸಲಹೆ ಅಥವಾ ನೆರವು ಬೇಕಾದವರು ಬಿಳಿ ಹಾಳೆಯಲ್ಲಿ ಮನವಿ ಬರೆದು ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸಬಹುದು. ಮನವಿಯಲ್ಲಿ ಮನೆಯ ವಿಳಾಸ, ಬಾವಲಿಗಳು ನೆಲೆಸಿರುವ ಸ್ಥಳ (ಮರ, ಸೂರು, ಗೋಡೆಯ ಸಂದು), ಎಷ್ಟು ಕಾಲದಿಂದ ಇವೆ, ಸಂಜೆ ಎಷ್ಟು ಗಂಟೆಗೆ ಹೊರಡುತ್ತವೆ, ಮರಿಗಳು ಕಂಡಿವೆಯೇ, ಕಟ್ಟಡದ ಕೆಲಸ ಯಾವಾಗ ಆರಂಭವಾಗಲಿದೆ ಎಂಬ ವಿವರಗಳಿದ್ದರೆ ಸ್ಥಳ ಪರಿಶೀಲನೆಗೆ ಅನುಕೂಲ. "ಬಾವಲಿ ಕಾಟ ಇದೆ, ಕ್ರಮ ಕೈಗೊಳ್ಳಿ" ಎಂಬ ಒಂದು ಸಾಲಿನ ಮನವಿಯಿಂದ ಅವು ಹಣ್ಣುಬಾವಲಿಗಳೋ ಕೀಟಾಹಾರಿಗಳೋ ಎಂಬುದೂ ತಿಳಿಯುವುದಿಲ್ಲ. ಒಂದು ಛಾಯಾಚಿತ್ರ ಲಗತ್ತಿಸುವುದು ಉತ್ತಮ. ಕೆಲಸ ಆರಂಭವಾದ ದಿನ ಬರೆಯುವ ಮನವಿಗಿಂತ ಎರಡು ಮೂರು ತಿಂಗಳು ಮುಂಚಿತವಾಗಿ ಬರೆದ ಮನವಿಯಿಂದ ಬಾವಲಿಗಳಿಗೂ ಮನೆಯವರಿಗೂ ಹೆಚ್ಚಿನ ಪ್ರಯೋಜನವಾಗುತ್ತದೆ.

ಗಾಯಗೊಂಡ ಬಾವಲಿಗಳು ಅಥವಾ ಗುಂಪಾಗಿ ಸತ್ತಿರುವ ಬಾವಲಿಗಳು ಕಂಡುಬಂದಲ್ಲಿ ಅವುಗಳನ್ನು ಮುಟ್ಟದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ತಿಳಿಸುವುದು.